ನಮ್ಮ ತೋಡಿನ ಹೊಸ ಸೇತುವೆಗೆ ಅಕ್ಕನ ಹೆಸರಿಡಬೇಕು ಅಂತಿದ್ದೇವೆ. ಏನೆಂದು ಬರೆಸುವುದು, ಯಾರಲ್ಲಿ ಕೇಳುವುದು?

ತೋಡಕರೆ

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನವರು, ಅದರಲ್ಲೂ ಪಂಚಾಯತಿನ ಕೆಲಸ ಗೊತ್ತಿರುವವರು ಇದ್ದರೆ ದಯವಿಟ್ಟು ಸ್ವಲ್ಪ ಹೇಳಿ.

ಶಿರಿಯ ಹೊಳೆಗೆ ಸೇರುವ ಒಂದು ತೋಡು ನಮ್ಮ ವಾರ್ಡನ್ನು ಎರಡು ಮಾಡುತ್ತದೆ. ಆ ಕಡೆ ಇಪ್ಪತ್ತೆಂಟು ಮನೆ. ಈ ಕಡೆ ಶಾಲೆ, ರೇಷನ್ ಅಂಗಡಿ, ಬಸ್ಸು. ನಾನು ಹುಟ್ಟಿದಾಗಿನಿಂದ ಅಲ್ಲಿ ನೋಡಿದ್ದು ಅಡಿಕೆ ಮರದ ಸಂಕ (ಕಾಲುಸೇತುವೆ) ಮಾತ್ರ. ನಾಲ್ಕು ಮರ, ಹಿಡಿದುಕೊಳ್ಳಲು ಒಂದು ಬದಿಗೆ ಬಿದಿರು. ಈ ವರ್ಷ ಕೊನೆಗೂ ಕಾಂಕ್ರೀಟ್ ಸೇತುವೆ ಆಯಿತು. ಆಟೋ, ಜೀಪು ಆರಾಮಾಗಿ ಹೋಗುತ್ತದೆ. ಕೈಕಂಬಿಗೆ ಪೈಂಟ್ ಬಾಕಿ, ಉದ್ಘಾಟನೆಗೆ ದಿನ ಇನ್ನೂ ಇಟ್ಟಿಲ್ಲ.

ಈ ಸೇತುವೆಗೆ ನಮ್ಮ ಅಕ್ಕನ ಹೆಸರಿಡಬೇಕು ಅಂತ ಆಸೆ. ಅಕ್ಕ ಅಂದರೆ ನನ್ನ ಒಡಹುಟ್ಟಿದವಳಲ್ಲ, ಊರಿಗೇ ಅಕ್ಕ. ಸಂಕದ ಈಚೆ ಬದಿಯ ಮನೆ ಅವರದ್ದು. ಒಂದು ಮಳೆಗಾಲದಲ್ಲಿ ಎರಡನೇ ಕ್ಲಾಸಿನ ಹುಡುಗನೊಬ್ಬ ಜಾರಿ ತೋಡಿಗೆ ಬಿದ್ದ. ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದ ಅಕ್ಕ ಓಡಿ ಹೋಗಿ ಕೂದಲು ಹಿಡಿದು ಎಳೆದರು. ಚೀಲ ಹೋಯಿತು, ಮಗು ಉಳಿಯಿತು. ಮರುದಿನದಿಂದ ಬೆಳಿಗ್ಗೆ ಒಂಬತ್ತಕ್ಕೆ ಮತ್ತು ಸಂಜೆ ನಾಲ್ಕಕ್ಕೆ ಅಕ್ಕ ಸಂಕದ ಬುಡದಲ್ಲಿ ನಿಲ್ಲಲು ಶುರು ಮಾಡಿದರು. ಇಪ್ಪತ್ತೈದು ವರ್ಷಕ್ಕಿಂತ ಜಾಸ್ತಿ ನಿಂತರು. ಯಾರೂ ಹೇಳಿದ್ದಲ್ಲ, ಯಾರೂ ಒಂದು ರೂಪಾಯಿ ಕೊಟ್ಟದ್ದಿಲ್ಲ. ಪತ್ತನಾಜೆಗೆ, ಅಂದರೆ ಮಳೆಗಾಲಕ್ಕೆ, ಮೊದಲು ಹಳೆ ಮರ ತೆಗೆದು ಹೊಸ ಮರ ಹಾಕಿಸುವುದು ಕೂಡ ಅವರದ್ದೇ ಕೆಲಸ. ಯಾರ ತೋಟದಲ್ಲಿ ಅಡಿಕೆ ಮರ ಗಾಳಿಗೆ ಬಿದ್ದಿದೆ ಎಂದು ಅಕ್ಕನಿಗೆ ಗೊತ್ತಿರುತ್ತಿತ್ತು, ಹೋಗಿ ಕೇಳಿ ತರುತ್ತಿದ್ದರು.

ಮತ್ತೆ ಪಾಲಿಯೇಟಿವ್ ಬಂತು, ಹಾಸಿಗೆ ಹಿಡಿದವರಿಗೆ ಮನೆಯಲ್ಲೇ ಆರೈಕೆ ಮಾಡುವುದು. ಕೇರಳ ಸರಕಾರ 2008ರಲ್ಲಿ ಪಾಲಿಯೇಟಿವ್ ನೀತಿ ತಂದ ಮೇಲೆ ಪಂಚಾಯತಿನ ನರ್ಸ್ ಜೀಪಿನಲ್ಲಿ ಮನೆಮನೆಗೆ ಬರತೊಡಗಿದರಲ್ಲ, ಅವರ ಜೊತೆ ನಮ್ಮ ವಾರ್ಡಿನಲ್ಲಿ ನಡೆದವರು ಅಕ್ಕ. ಜೀಪು ತೋಡಿನವರೆಗೆ ಮಾತ್ರ. ಅಲ್ಲಿಂದ ನರ್ಸಿನ ಬ್ಯಾಗನ್ನು ಇವರೇ ತಲೆ ಮೇಲೆ ಇಟ್ಟು ಆಚೆ ದಾಟಿಸುತ್ತಿದ್ದರು. ಆಚೆ ಕಡೆಯಿಂದ ಡಯಾಲಿಸಿಸಿಗೆ ವಾರಕ್ಕೆ ಮೂರು ಸಲ ಹೋಗುವ ಒಬ್ಬರಿದ್ದರು. ಪ್ಲಾಸ್ಟಿಕ್ ಕುರ್ಚಿಗೆ ಎರಡು ಬಿದಿರು ಕಟ್ಟಿ, ಮುಂದೆ ಒಬ್ಬರು ಹಿಂದೆ ಒಬ್ಬರು ಹೊತ್ತು ದಾಟಿಸಬೇಕು. ಹೊರಲು ಜನ ಮಾಡುವುದು, ಸಮಯಕ್ಕೆ ಕರೆಯುವುದು, ಜನ ಸಿಗದ ದಿನ ತಾನೇ ಹಿಂದಿನ ಬಿದಿರು ಹಿಡಿಯುವುದು, ಎಲ್ಲ ಅಕ್ಕ.

ಸೇತುವೆ ಬೇಕು ಎಂದು ಅವರು ಕೊಟ್ಟ ಅರ್ಜಿಗಳ ಪ್ರತಿಗಳು ಒಂದು ಬಿಸ್ಕತ್ ಡಬ್ಬಿಯಲ್ಲಿವೆ. ಮಗಳು ತೋರಿಸಿದಳು, ಎಣಿಸಿದೆ, ಹದಿನೇಳು ಇವೆ. ಹೋದ ವರ್ಷದ ಹಿಂದಿನ ಆಟಿ ತಿಂಗಳಲ್ಲಿ ಅಕ್ಕ ಹೋದರು. ಆಚೆ ಕಡೆ ಒಬ್ಬರಿಗೆ ಜ್ವರ ಎಂದು ನೋಡಲು ಹೋಗಿದ್ದಾಗ ಎದೆ ನೋವು ಬಂತು. ಅದೇ ಕುರ್ಚಿಯಲ್ಲಿ ಕೂರಿಸಿ ದಾಟಿಸಿದೆವು. ಮುಂದಿನ ಬಿದಿರು ಹಿಡಿದಿದ್ದು ನಾನು. ಆಸ್ಪತ್ರೆಗೆ ಮುಟ್ಟಲಿಲ್ಲ.

ಈಗ ತೊಂದರೆ ಏನೆಂದರೆ, ಊರಲ್ಲಿ ಮೂರು ಮಾತು. ಸೇತುವೆಯ ಆಚೆಗಿನ ರಸ್ತೆಗೆ ಹನ್ನೆರಡು ಸೆಂಟ್ ಜಾಗ ಬಿಟ್ಟುಕೊಟ್ಟ ಮನೆಯವರು ತಮ್ಮ ಅಜ್ಜನ ಹೆಸರು ಇಡಲಿ ಎನ್ನುತ್ತಾರೆ. ಜಾಗ ಕೊಡದಿದ್ದರೆ ಸೇತುವೆಯೇ ಇಲ್ಲ, ಅದು ನಿಜ. ನಮ್ಮ ಕ್ಲಬ್ಬಿನವರು ಅಕ್ಕನ ಪೂರ್ತಿ ಹೆಸರು, ಮನೆ ಹೆಸರು ಎಲ್ಲ ಸೇರಿಸಿ ‘ಸ್ಮಾರಕ ಸೇತುವೆ’ ಎಂದು ಬರೆಸೋಣ ಎನ್ನುತ್ತಾರೆ. ಇನ್ನು ಕೆಲವರು ಯಾರ ಹೆಸರೂ ಬೇಡ, ಜಗಳ ಬೇಡ ಎನ್ನುತ್ತಾರೆ. ನನಗೆ ಅಕ್ಕನ ಹೆಸರು ಇರಲೇಬೇಕು. ಯಾರಿಗೆ ಅರ್ಜಿ ಕೊಡಬೇಕು, ಏನೆಂದು ಬರೆಯಬೇಕು?

ಹಳೇ ಕಡತ

ನಾನು ಪಂಚಾಯತ್ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಗೊತ್ತಿದ್ದಷ್ಟು ಹೇಳುತ್ತೇನೆ.

ಮೊದಲು ಸೇತುವೆ ಯಾರ ಆಸ್ತಿ ಎಂದು ನೋಡಿ. ದುಡ್ಡು ಕೊಟ್ಟವರು ಬೇರೆ, ಯಾರ ಆಸ್ತಿ ರಿಜಿಸ್ಟರಿನಲ್ಲಿ ಇದೆ ಎಂಬುದು ಬೇರೆ. ಎಂಎಲ್‌ಎ ಫಂಡಿನಲ್ಲಿ ಕಟ್ಟಿ ಪಂಚಾಯತ್ ರಸ್ತೆಗೆ ಸೇರಿದ್ದೂ ಇರುತ್ತದೆ. ನಮ್ಮ ಕಡೆ ಕಿಂಡಿ ಅಣೆಕಟ್ಟಿನ ಮೇಲೆಯೇ ಸೇತುವೆ ಬರುವುದು ಜಾಸ್ತಿ, ವಿಸಿಬಿ ಎನ್ನುತ್ತಾರಲ್ಲ, ಅದಾದರೆ ನೀರಾವರಿ ಇಲಾಖೆಯದ್ದು ಇರಬಹುದು. ಪಂಚಾಯತಿನದ್ದೇ ಆದರೆ ಆಡಳಿತ ಸಮಿತಿಯ ತೀರ್ಮಾನ ಬೇಕು. ಲೋಕೋಪಯೋಗಿಯದ್ದಾದರೆ ಪಂಚಾಯತ್ ಸುಮ್ನೆ ಬೋರ್ಡ್ ಹಾಕುವ ಹಾಗಿಲ್ಲ, ಮೇಲಕ್ಕೆ ಬರೆಯಬೇಕು. ಆಫೀಸಿನಲ್ಲಿ ಬಾಯಿಮಾತಿಗೆ ಹೇಳದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕೇಳಿ.

ಎರಡನೆಯದು ಗ್ರಾಮಸಭೆ. ಕೇರಳದಲ್ಲಿ ಅದು ವಾರ್ಡಿಗೊಂದು. 1994ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಮೂರು ತಿಂಗಳಿಗೊಮ್ಮೆ ಕರೆಯಬೇಕು, ವಾರ್ಡಿನ ಮತದಾರರಲ್ಲಿ ಶೇ. 10 ಜನ ಬಂದರೆ ಕೋರಂ. ಆಚೆ ಕಡೆಯ ಇಪ್ಪತ್ತೆಂಟು ಮನೆಯವರನ್ನೂ ಕರೆದುಕೊಂಡು ಬನ್ನಿ. ವಿಷಯ ಎತ್ತಿ, ಮಿನಿಟ್ಸಿನಲ್ಲಿ ಬರೆಸಿ, ಬರೆದದ್ದನ್ನು ಅಲ್ಲೇ ಓದಿಸಿ. ‘ಆಯ್ತು ಮಾಡೋಣ’ ಎಂದು ಮೆಂಬರ್ ಹೇಳಿದರೆ ಸಾಲದು. ಎಷ್ಟೋ ಒಳ್ಳೆಯ ಮಾತು ಚಹಾ ಕುಡಿಯುವಾಗಲೇ ಮುಗಿದು ಹೋದದ್ದನ್ನು ನಾನು ಕಂಡಿದ್ದೇನೆ.

ಅರ್ಜಿ ಕನ್ನಡದಲ್ಲೇ ಬರೆಯಿರಿ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ಇಲ್ಲಿನ ಕನ್ನಡದವರಿಗೆ ಕನ್ನಡದಲ್ಲಿ ಬರೆಯುವ ಅವಕಾಶ ಇದೆ. ಸಂವಿಧಾನದ 350ನೇ ವಿಧಿಯೂ ಇದೆ. ಕೆಳಗೆ ಒಂದು ಮಲಯಾಳ ಪ್ರತಿ ಇಟ್ಟರೆ ಕೆಲಸ ಬೇಗ ಆಗುತ್ತದೆ, ಅದು ಬೇರೆ ಮಾತು. ರಸೀದಿ ತೆಗೆದುಕೊಳ್ಳಲು ಮರೆಯಬೇಡಿ. ಮನೆಯವರ ಒಪ್ಪಿಗೆ ಬರಹದಲ್ಲಿ ಇರಲಿ. ಇನ್ನೊಂದು, ಉದ್ಘಾಟನೆಯ ಕಲ್ಲು ಕೆತ್ತಿಸುವ ಮೊದಲೇ ಇದೆಲ್ಲ ಆಗಬೇಕು. ಗ್ರಾನೈಟಿನಲ್ಲಿ ಒಮ್ಮೆ ಕೆತ್ತಿದ ಮೇಲೆ ಯಾರೂ ಬದಲಿಸುವುದಿಲ್ಲ. ಕಲ್ಲಿನಲ್ಲಿ ಏನಿದೆಯೋ ಅದೇ ಸೇತುವೆಯ ಹೆಸರು.

ಕೊಡೆ ಮಡಚಿದವಳು

ಇದನ್ನು ಓದುತ್ತಾ ಕೈ ನಡುಗಿತು. ನಾನು ಆಚೆ ಕಡೆಯ ಹುಡುಗಿ. ಈಗ ಬೆಂಗಳೂರಿನಲ್ಲಿದ್ದೇನೆ. ನೀವು ಯಾರೆಂದು ಅಂದಾಜಾಯಿತು ಅಣ್ಣ, ನಾನು ಯಾರೆಂದು ನಿಮಗೂ ಆಗಬಹುದು.

ನಿಮ್ಮ ಪೋಸ್ಟಿನಲ್ಲಿ ಇಲ್ಲದ ಒಂದೆರಡು ವಿಷಯ ಹೇಳುತ್ತೇನೆ. ಅಡಿಕೆ ಮರಕ್ಕೆ ಆಟಿಯ ಹೊತ್ತಿಗೆ ಪಾಚಿ ಹಿಡಿಯುತ್ತದೆ. ಅಕ್ಕ ನಮಗಿಂತ ಮೊದಲು ಬಂದು ಕುಕ್ಕರಗಾಲಿನಲ್ಲಿ ಕೂತು ಕತ್ತಿಯ ಬೆನ್ನಿನಿಂದ ಪಾಚಿ ಕೆರೆಯುತ್ತಿದ್ದರು. ಈಚೆ ತುದಿಯಿಂದ ಆಚೆ ತುದಿಯವರೆಗೆ, ಹಿಂದೆ ಹಿಂದೆ ಸರಿಯುತ್ತಾ. ಮತ್ತೆ ಮಡಿಲಿನಲ್ಲಿ ತಂದ ಹೊಯಿಗೆಯನ್ನು (ಮರಳನ್ನು) ಮುಷ್ಟಿ ಮುಷ್ಟಿ ಚೆಲ್ಲುತ್ತಿದ್ದರು. ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಾವು ದಾಟುವಾಗ ಅಂಗಾಲಿಗೆ ಆ ಹೊಯಿಗೆ ಚುಚ್ಚುತ್ತಿತ್ತು. ಚುಚ್ಚಿದರೆ ಧೈರ್ಯ. ಚುಚ್ಚದ ಜಾಗದಲ್ಲಿ ಹೆದರಿಕೆ.

ಕೊಡೆ ಬಿಡಿಸಿಕೊಂಡು ಸಂಕ ದಾಟಲು ಬಿಡುತ್ತಿರಲಿಲ್ಲ. ಎಷ್ಟು ಮಳೆ ಇದ್ದರೂ ಕೊಡೆ ಮಡಚಿ ಕಂಕುಳಲ್ಲಿ ಇಡಬೇಕು. ತೋಡಿನ ಮೇಲೆ ಬರುವ ಗಾಳಿ ಕೊಡೆಯನ್ನು ಎತ್ತಿದರೆ ಮಕ್ಕಳನ್ನೂ ಎತ್ತಿದ ಹಾಗೆ ಎನ್ನುತ್ತಿದ್ದರು. ಅಷ್ಟು ಹೊತ್ತು ಒದ್ದೆಯಾಗುತ್ತಿದ್ದೆವಲ್ಲ, ಅದಕ್ಕೆ ಅವರ ಚಾವಡಿಯಲ್ಲಿ ಒಂದು ಬೈರಾಸು ಯಾವಾಗಲೂ ತೂಗಾಡುತ್ತಿತ್ತು. ತಲೆ ಒರೆಸಿಯೇ ಶಾಲೆಗೆ ಬಿಡುವುದು. ಆ ಬೈರಾಸಿಗೆ ಹೊಗೆಯ ವಾಸನೆ, ಒಲೆಯ ಮೇಲೆ ಒಣಗಿಸುತ್ತಿದ್ದರು ಅನಿಸುತ್ತದೆ.

ನನ್ನ ತಮ್ಮನಿಗೆ ನಡೆಯಲು ಬರುವುದಿಲ್ಲ. ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಬಿಡುತ್ತಿದ್ದ ಕಾಲದ ಮಕ್ಕಳ ಕಥೆ ಇಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಇಂಥ ಮಕ್ಕಳಿಗಾಗಿ ಇರುವ ಬಡ್ಸ್ ಶಾಲೆಯ ವ್ಯಾನು ತೋಡಿನ ಈಚೆ ಬದಿಗೆ ಬರುತ್ತಿತ್ತು. ಅವನಿಗೆ ಹನ್ನೊಂದು ವರ್ಷ ಆಗುವವರೆಗೂ ಅಕ್ಕ ಬೆನ್ನಿಗೆ ಹಾಕಿಕೊಂಡು ದಾಟಿಸಿದರು. ಮತ್ತೆ ಭಾರ ಜಾಸ್ತಿಯಾಯಿತು, ಕುರ್ಚಿ ಬಂತು. ಆ ಕುರ್ಚಿ ಮೊದಲು ಮಾಡಿದ್ದು ನನ್ನ ತಮ್ಮನಿಗೆ.

ಒಂದು ವಿಷಯ ನಿಜವಾಗಿಯೂ ಕೇಳುತ್ತೇನೆ. ಅಕ್ಕನ ಪೂರ್ತಿ ಹೆಸರು ನಿಮಗೆ ಮೊದಲಿಂದ ಗೊತ್ತಿತ್ತಾ ಅಣ್ಣ? ನನಗೆ ಗೊತ್ತಾದದ್ದು ಅವರು ಹೋದ ಮೇಲೆ ವಾಟ್ಸಾಪಿನಲ್ಲಿ ಬಂದ ಫೋಟೋದ ಕೆಳಗೆ ಓದಿ. ಯಾರೋ ಬೇರೆಯವರು ಎಂದುಕೊಂಡು ಮುಂದೆ ಹೋಗಿದ್ದೆ, ಮತ್ತೆ ಮುಖ ನೋಡಿ ತಿರುಗಿ ಬಂದೆ. ಆ ಹೆಸರನ್ನು ಬೋರ್ಡಿನಲ್ಲಿ ಹಾಕಿದರೆ ಸಂಕ ದಾಟಿದ ಮಕ್ಕಳಲ್ಲಿ ಅರ್ಧದಷ್ಟು ಜನಕ್ಕೆ ಅದು ಯಾರೆಂದೇ ತಿಳಿಯುವುದಿಲ್ಲ.

ಅಡ್ಕದ ಮಾಷ್ಟ್ರು

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಸರ ಮಾಡಬೇಡಿ. ಆ ತಾಯಿಯ ಬಗ್ಗೆ ಓದಿ ಮನಸ್ಸು ತುಂಬಿ ಬಂತು. ಆದರೂ ಸೇತುವೆಗೆ ಊರಿನ ಹೆಸರೇ ಇರಬೇಕು ಎಂಬುದು ನನ್ನ ಅಭಿಪ್ರಾಯ.

ಕಾರಣ ನಮ್ಮ ಜಿಲ್ಲೆಯ ಪರಿಸ್ಥಿತಿ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಇಲ್ಲಿ ಊರ ಹೆಸರುಗಳು ಒಂದೊಂದಾಗಿ ಬಾಯಿ ಬದಲಾಯಿಸುತ್ತಾ ಬಂದಿವೆ. ಬದಿಯಡ್ಕ ಮಲಯಾಳ ಬೋರ್ಡಿನಲ್ಲಿ ಬದಿಯಡುಕ್ಕ. ಅಡ್ಕ ಅಂದರೆ ಮುರಕಲ್ಲಿನ ಮೇಲೆ ಹುಲ್ಲು ಬೆಳೆಯುವ ಬಯಲು, ಅಡುಕ್ಕ ಅಂದರೆ ಏನೂ ಇಲ್ಲ. 2021ರಲ್ಲಿ ಊರ ಹೆಸರುಗಳ ವಿಷಯ ಎರಡು ರಾಜ್ಯಗಳಲ್ಲಿ ದೊಡ್ಡ ಸುದ್ದಿಯಾಗಿ ಕೊನೆಗೆ ಬದಲಿಸುವ ಯೋಚನೆ ಇಲ್ಲ ಎಂದು ಕೇರಳ ಸರಕಾರವೇ ಹೇಳಬೇಕಾಯಿತು, ನೆನಪಿದೆಯಲ್ವಾ. ಸಣ್ಣ ಸಣ್ಣ ಜಾಗದ ಹೆಸರುಗಳು, ಕಜೆ, ಮೂಲೆ, ಗುರಿ ಎಂದು ಕೊನೆಯಾಗುವವು, ಯಾವ ಬೋರ್ಡಿನಲ್ಲೂ ಇಲ್ಲ. ಹಳಬರ ಬಾಯಲ್ಲಿ ಮಾತ್ರ ಇವೆ. ಒಂದು ಸೇತುವೆ ಬಂದಾಗ ಆ ಜಾಗದ ಹೆಸರು ಮೊದಲ ಸಲ ಬೋರ್ಡಿಗೆ ಬರುತ್ತದೆ. ಅಲ್ಲಿ ವ್ಯಕ್ತಿಯ ಹೆಸರು ಹಾಕಿದರೆ ಜಾಗದ ಹೆಸರು ಹೋಯಿತು.

ಸುಳ್ಯದ ಗಿರೀಶ್ ಭಾರದ್ವಾಜರನ್ನೇ ನೋಡಿ. 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಹಾಕಿದರು. ಅದೇ ಹೊಳೆ ಕೆಳಗೆ ನಮ್ಮಲ್ಲಿ ಚಂದ್ರಗಿರಿ. ಆಮೇಲೆ ನೂರಕ್ಕಿಂತ ಹೆಚ್ಚು ಕಡೆ ಕಟ್ಟಿದರು, 2017ರಲ್ಲಿ ಪದ್ಮಶ್ರೀ ಬಂತು. ಆ ಸೇತುವೆಯನ್ನು ಜನ ಅರಂಬೂರು ತೂಗುಸೇತುವೆ ಎಂದೇ ಕರೆಯುವುದು. ಕಟ್ಟಿದವರನ್ನು ಯಾರೂ ಮರೆತಿಲ್ಲ.

ಇನ್ನು ಉದ್ದ ಹೆಸರಿನ ಬಗ್ಗೆ. ಮಂಜೇಶ್ವರದ ಸರಕಾರಿ ಕಾಲೇಜಿಗೆ ಗೋವಿಂದ ಪೈಗಳ ಹೆಸರಿದೆ. ಇಟ್ಟದ್ದು ಬಹಳ ಒಳ್ಳೆಯದು. ಆದರೆ ಮಕ್ಕಳ ಬಾಯಲ್ಲಿ ಅದು ಜಿಪಿಎಂ ಕಾಲೇಜು. ರಾಷ್ಟ್ರಕವಿಯ ಹೆಸರೇ ಮೂರು ಅಕ್ಷರ ಆಯಿತು. ನಿಮ್ಮ ಕ್ಲಬ್ಬಿನವರು ಹೇಳುವ ಪೂರ್ತಿ ಹೆಸರಿನ ಸ್ಮಾರಕ ಸೇತುವೆ ಒಂದೇ ವರ್ಷದಲ್ಲಿ ಬರೀ ‘ಹೊಸ ಪಾಲ’ ಆಗುತ್ತದೆ.

ತೋಡಕರೆ

ಮಾಷ್ಟ್ರೇ, ಬೇಸರ ಏನಿಲ್ಲ. ನೀವು ಹೇಳಿದ ಜಿಪಿಎಂ ಮಾತು ಕ್ಲಬ್ಬಿನವರಿಗೆ ಓದಿ ಹೇಳಿದೆ, ಯಾರೂ ಮಾತಾಡಲಿಲ್ಲ.

ಆದರೆ ನಮ್ಮ ಜಾಗಕ್ಕೆ ಬೋರ್ಡಿಗೆ ಹಾಕುವಂಥ ಹೆಸರೇ ಇಲ್ಲ. ಜನ ಆ ಜಾಗವನ್ನು ಕರೆಯುವುದೇ ‘ಅಕ್ಕನ ಸಂಕ’ ಎಂದು. ಆಟೋದವರಿಗೆ ಅಕ್ಕನ ಸಂಕಕ್ಕೆ ಬಿಡಿ ಎನ್ನುತ್ತೇವೆ. ಗ್ಯಾಸಿನವನು ಅಕ್ಕನ ಸಂಕದ ಬುಡದಲ್ಲಿ ಸಿಲಿಂಡರ್ ಇಡುತ್ತಾನೆ. ಕೆಎಸ್‌ಇಬಿಗೆ ಫೋನ್ ಮಾಡಿ ಕರೆಂಟಿಲ್ಲ ಎಂದರೆ ಅವರೂ ಅಕ್ಕನ ಸಂಕದ ಆಚೆಯಾ ಈಚೆಯಾ ಎಂದು ಕೇಳುತ್ತಾರೆ.

ತಂಗೀ, ನೀನು ಯಾರೆಂದು ಗೊತ್ತಾಯಿತು. ನಿಜ ಹೇಳುತ್ತೇನೆ, ಅಕ್ಕನ ಪೂರ್ತಿ ಹೆಸರು ನಾನೂ ರೇಷನ್ ಕಾರ್ಡ್ ನೋಡಿ ತಿಳಿದದ್ದು. ತಮ್ಮ ಈಗ ಹೇಗಿದ್ದಾನೆ?

ಅಡ್ಕದ ಮಾಷ್ಟ್ರು

ಇದನ್ನು ಮೊದಲೇ ಹೇಳಬಾರದಿತ್ತಾ. ಜನ ಆಗಲೇ ಕರೆಯುತ್ತಿದ್ದರೆ ಅದು ಊರ ಹೆಸರೇ ಆಯಿತು. ನನ್ನ ತಕರಾರು ಇಲ್ಲ. ಸೇತುವೆ, ಸ್ಮಾರಕ ಯಾವುದೂ ಸೇರಿಸದೆ ‘ಅಕ್ಕನ ಸಂಕ’ ಎಂದಷ್ಟೇ ಬರೆಸಿ. ಕಾಂಕ್ರೀಟ್ ಆದರೇನು, ಸಂಕ ಸಂಕವೇ.

ಮಂಗಳವಾರದ ಜೀಪು

ನಾನು ಪಾಲಿಯೇಟಿವ್ ನರ್ಸ್. ಮನೆ ಭಾಷೆ ಮಲಯಾಳ, ಊರು ಚಂದ್ರಗಿರಿಯಿಂದ ತೆಂಕು. ಇಲ್ಲಿಗೆ ಕೆಲಸಕ್ಕೆ ಬಂದಾಗ ನನಗೆ ಕನ್ನಡ ಬರುತ್ತಿರಲಿಲ್ಲ. ಕಲಿಸಿದ್ದು ಅಕ್ಕ, ಜೀಪಿನಲ್ಲಿ, ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ಹೊತ್ತಿನಲ್ಲಿ. ತಪ್ಪಿದ್ದರೆ ಕ್ಷಮಿಸಿ.

ರೋಗಿ ನೋವನ್ನು ಹೇಳುವ ಮಾತು ಮೊದಲು ಕಲಿಯಬೇಕು ಎಂದು ಅವರ ಹಟ. ಸೆಳೆತ, ಕುತ್ತುವುದು, ಉರಿ, ಜೋಮು, ಹಿಂಡಿದ ಹಾಗೆ. ಇದು ಗೊತ್ತಿಲ್ಲದೆ ಮಾತ್ರೆ ಕೊಟ್ಟರೆ ಪ್ರಯೋಜನ ಇಲ್ಲ ಮೋಳೇ ಎನ್ನುತ್ತಿದ್ದರು. ನನ್ನನ್ನು ಮೋಳೇ, ಅಂದರೆ ಮಗಳೇ, ಎಂದು ಮಲಯಾಳದಲ್ಲಿ ಕರೆಯುತ್ತಿದ್ದರು, ನಾನು ಅಕ್ಕ ಎಂದು ಕನ್ನಡದಲ್ಲಿ ಕರೆಯುತ್ತಿದ್ದೆ. ಹುಣ್ಣಿಗೆ ಡ್ರೆಸ್ಸಿಂಗ್ ಮಾಡುವಾಗ ರೋಗಿಯ ಮುಖದ ಕಡೆ ಕೂತು ಯಕ್ಷಗಾನದ ಸುದ್ದಿ ತೆಗೆಯುತ್ತಿದ್ದರು. ಯಾವ ಮೇಳ, ಯಾರು ಭಾಗವತರು, ನಿನ್ನೆ ಯಾವ ಪ್ರಸಂಗ. ಅವರು ಮಾತಾಡಿಸುವಷ್ಟರಲ್ಲಿ ನನ್ನ ಕೆಲಸ ಮುಗಿಯುತ್ತಿತ್ತು.

ಬೋರ್ಡಿನ ಬಗ್ಗೆ ಒಂದು ಮಾತು. ಮೂರು ಭಾಷೆಯಲ್ಲಿ ಬರೆಸುತ್ತೀರಿ. ಮಲಯಾಳದಲ್ಲಿ ಬರೆಯುವವರು ‘ಅಕ್ಕಯುಡೆ ಪಾಲಂ’ ಎಂದು ಅನುವಾದ ಮಾಡಿಬಿಡುತ್ತಾರೆ, ನೋಡಿಕೊಳ್ಳಿ. ಹೆಸರನ್ನು ಅನುವಾದ ಮಾಡಬಾರದು. ‘ಅಕ್ಕನ ಸಂಕ’ ಎಂದೇ ಮಲಯಾಳ ಲಿಪಿಯಲ್ಲಿ ಬರೆಯಬಹುದು, ನಮ್ಮ ಅಕ್ಷರದಲ್ಲಿ ಅದು ಚೆನ್ನಾಗಿಯೇ ಕೂರುತ್ತದೆ. ಇಂಗ್ಲಿಷಿಗೆ ಕೂಡ ಅಷ್ಟೇ. ನಾನು ಬರೆದುಕೊಡುತ್ತೇನೆ, ಅರ್ಜಿಯ ಮಲಯಾಳ ಪ್ರತಿಯನ್ನೂ ಬರೆಯುತ್ತೇನೆ.

ಹಳೇ ಕಡತ

ಅಮ್ಮಾ, ನಿಮ್ಮ ಮಾತು ನೂರಕ್ಕೆ ನೂರು. ಅಕ್ಷರ ಇದ್ದೂ ತಪ್ಪು ಬರೆಯುವುದೇ ಹೆಚ್ಚು. ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಹೆಸರಿನ ಆ ಞ್ಞ ಮಲಯಾಳದಲ್ಲಿ ಸಲೀಸಾಗಿ ಬರುತ್ತದೆ, ಕನ್ನಡದಲ್ಲೂ ಇದೆ, ಇಂಗ್ಲಿಷಿಗೆ ಹೋಗುವಾಗ ಮಾತ್ರ ಕಿನ್ಹಣ್ಣ ಆಗುತ್ತದೆ. ಮೂರು ಲಿಪಿಯಲ್ಲೂ ಹೆಸರು ಹೇಗಿರಬೇಕು ಎಂದು ತೀರ್ಮಾನದ ಒಳಗೇ ಬರೆಸಿ, ಬೋರ್ಡ್ ಬರೆಯುವವರ ಕೈಗೆ ಬಿಡಬೇಡಿ.

ಜಾಗ ಕೊಟ್ಟವರನ್ನು ಮರೆಯಬೇಡಿ. ಅಡಿಕೆ ತೋಟದ ಹನ್ನೆರಡು ಸೆಂಟ್ ಸಣ್ಣದಲ್ಲ. ಸೇತುವೆಯಿಂದ ಆಚೆಗಿನ ರಸ್ತೆಗೆ ಅವರ ಅಜ್ಜನ ಹೆಸರಿಡಬಹುದು, ಎರಡೂ ಒಂದೇ ಗ್ರಾಮಸಭೆಯಲ್ಲಿ ಬರಲಿ. ಮೊದಲು ಅವರ ಮನೆಗೆ ಹೋಗಿ, ಚಾವಡಿಯಲ್ಲಿ ಕೂತು ಮಾತಾಡಿ. ಸಭೆಯಲ್ಲಿ ಎಲ್ಲರ ಎದುರು ಎತ್ತಿದರೆ ಮನುಷ್ಯರಿಗೆ ಹಿಂದೆ ಸರಿಯುವುದು ಕಷ್ಟ.

ತೋಡಕರೆ

ನಿನ್ನೆ ಸಂಜೆ ಹೋಗಿದ್ದೆವು, ನಾನು ಮತ್ತು ಅಕ್ಕನ ಮಗಳು. ಹಳಬರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಎಲೆ ಅಡಿಕೆ ತಟ್ಟೆ ಮುಂದಿಟ್ಟರು. ಮತ್ತೆ ಒಳಗಿನಿಂದ ಅವರ ಹೆಂಡತಿ ಬಂದು, ‘ನಾನು ಎರಡನೇ ಬಾಣಂತನಕ್ಕೆ ಹೋದದ್ದು ಅವಳ ಕೈ ಹಿಡಿದು, ರಾತ್ರಿ, ಸೂಟೆ ಬೆಳಕಿನಲ್ಲಿ’ ಎಂದರು. ಅಷ್ಟೇ. ರಸ್ತೆಗೆ ಅಜ್ಜನ ಹೆಸರು, ಸಂಕಕ್ಕೆ ಅಕ್ಕ ಎಂದು ಮಾತಾಯಿತು. ಒಪ್ಪಿಗೆ ಪತ್ರಕ್ಕೆ ಅವರೇ ಮೊದಲ ಸಹಿ ಹಾಕಿದರು.

ಆಸ್ತಿ ರಿಜಿಸ್ಟರ್ ನೋಡಿಸಿದೆ, ಸೇತುವೆ ಪಂಚಾಯತಿನದ್ದೇ. ಗ್ರಾಮಸಭೆ ಈ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಹತ್ತೂವರೆಗೆ, ಶಾಲೆಯ ಹಾಲಿನಲ್ಲಿ. ನರ್ಸಮ್ಮ, ಮಲಯಾಳ ಪ್ರತಿ ಗುರುವಾರದೊಳಗೆ ಸಿಕ್ಕಿದರೆ ಉಪಕಾರ. ಮಗಳು ಆ ಬಿಸ್ಕತ್ ಡಬ್ಬಿಯನ್ನೂ ಸಭೆಗೆ ತರುತ್ತಾಳೆ. ಹದಿನೇಳು ಅರ್ಜಿಯ ಮೇಲೆ ಇದು ಹದಿನೆಂಟನೆಯದು.

ಕೊಡೆ ಮಡಚಿದವಳು

ಶನಿವಾರ ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿದೆ. ತಮ್ಮ ಚೆನ್ನಾಗಿದ್ದಾನೆ ಅಣ್ಣ, ಅವನನ್ನೂ ಸಭೆಗೆ ಕರೆದುಕೊಂಡು ಬರುತ್ತೇನೆ. ಈ ಸಲ ಮನೆ ಅಂಗಳಕ್ಕೇ ಆಟೋ ಬರುತ್ತದಲ್ವಾ?